ಉತ್ತರ ಗೊತ್ತಿಲ್ಲದ ಪ್ರಶ್ನೆ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶಿಕ್ಷಕ ಬಂಧುಗಳೇ, ಜಾಗ ಸಾಲದೆ ಹಿಂದೆ ನಿಂತಿರುವ ಮಕ್ಕಳೇ,

ಹೊರಗಿನ ವಿಜ್ಞಾನ ಪ್ರದರ್ಶನ ನೋಡಿಕೊಂಡೇ ಒಳಗೆ ಬಂದೆ. ಥರ್ಮಾಕೋಲಿನ ಜ್ವಾಲಾಮುಖಿ ಈ ಸಲವೂ ನೊರೆ ಉಗುಳುತ್ತಿದೆ. ಚೆನ್ನಾಗಿದೆ, ತಕರಾರಿಲ್ಲ. ಆದರೆ ಅದನ್ನು ಮಾಡಿದ ಹುಡುಗನಿಗೆ ಉತ್ತರ ಮೊದಲೇ ಗೊತ್ತಿತ್ತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಹೈಸ್ಕೂಲು ಮಕ್ಕಳಿಗೆ ಕೊಡಿ, ಅದಕ್ಕೆ ಬೇಕಾದ ಉಪಕರಣವನ್ನು ಕಾಲೇಜಿನವರು ಕೊಡಲಿ. ನನ್ನ ಬೇಡಿಕೆ ಇಷ್ಟೇ.

1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಈ ದಾರಿ ತೆರೆದಿದೆ; ಊರಿನದೇ ಸಮಸ್ಯೆ ಎತ್ತಿಕೊಂಡು ಮಕ್ಕಳು ಗುಂಪಾಗಿ ಕೆಲಸ ಮಾಡಬೇಕು. ನಾನು ಕಂಡಂತೆ ಅಲ್ಲಿಗೆ ಬರುವ ಯೋಜನೆಗಳಲ್ಲಿ ಹೆಚ್ಚಿನವು ಸಮೀಕ್ಷೆಗಳೇ. ವಸ್ತುವಿಜ್ಞಾನದ ತಂಟೆಗೆ ಹೋಗುವವರು ಕಡಿಮೆ, ಏಕೆಂದರೆ ಶಾಲೆಯ ತಕ್ಕಡಿಯೊಂದೇ ಅಲ್ಲಿಗೆ ಸಾಲದು.

ನಮ್ಮ ಕೈಯಳತೆಯಲ್ಲೇ ಇರುವ ವಸ್ತು ನೋಡಿ. ಮೈಸೂರು ರೇಷ್ಮೆ ಸೀರೆಯ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ತಿ. ನರಸೀಪುರದಲ್ಲಿದೆ. ರೇಷ್ಮೆಯ ಒಂದು ಎಳೆ ಅಂದರೆ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ತಂತು. ಎರಡನ್ನೂ ಹಿಡಿದಿರುವ ಅಂಟು ಸೆರಿಸಿನ್. ತೂಕದಲ್ಲಿ ಈ ಅಂಟು ಸುಮಾರು ಕಾಲುಭಾಗ. ಸೋಪು, ಸೋಡಾ ಹಾಕಿ ಕುದಿಸಿದರೆ ಅಂಟು ಬಿಡುತ್ತದೆ, ಹೊಳಪು ಬರುತ್ತದೆ. ಕುದಿ ಅತಿಯಾದರೆ ತಂತುವೇ ಸೊರಗುತ್ತದೆ. ಹಾಗಾದರೆ ನಮ್ಮೂರ ನೀರಿನಲ್ಲಿ ಎಷ್ಟು ಹೊತ್ತು ಕುದಿಸಬೇಕು?

ಒಂಬತ್ತನೇ ತರಗತಿಯವರು ಇದನ್ನು ಮಾಡಬಲ್ಲರು. ಕಚ್ಚಾ ನೂಲನ್ನು ತೂಗಿ, ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ ಬೇರೆ ಬೇರೆ ಕುದಿಸಿ, ಒಣಗಿಸಿ, ಮತ್ತೆ ತೂಗಬೇಕು. ಆಮೇಲೆ ಎಳೆಯನ್ನು ಇಳಿಬಿಟ್ಟು, ತುಂಡಾಗುವ ತನಕ ತೂಕ ಏರಿಸಬೇಕು. ಇಷ್ಟು ಶಾಲೆಯಲ್ಲೇ ಆದೀತು. ಆದರೆ ಬಲ ಲೆಕ್ಕ ಹಾಕಲು ಎಳೆಯ ದಪ್ಪ ಬೇಕು, ಅದಕ್ಕೆ ಕಾಲೇಜಿನ ಸೂಕ್ಷ್ಮದರ್ಶಕವೇ ಆಗಬೇಕು. ವ್ಯಾಸದಲ್ಲಿ ಹತ್ತಕ್ಕೆ ಒಂದು ತಪ್ಪಿದರೆ ಎಳೆಯ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಸುಮಾರು ಎರಡು ತಪ್ಪುತ್ತದೆ, ಬಲದ ಲೆಕ್ಕವೂ ಅದರ ಜೊತೆ ತಪ್ಪುತ್ತದೆ. ಒಂದೇ ನೂಲಿನ ಹತ್ತು ತುಂಡು ಹತ್ತು ಬೇರೆ ತೂಕಕ್ಕೆ ಹರಿದಾಗ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಪಾಠ ಶುರುವಾಗುವುದು ಅಲ್ಲಿ! ದಯವಿಟ್ಟು ಆಗ ಮೇಷ್ಟ್ರು ಅಂಕಿ ತಿದ್ದಬಾರದು. ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿ ಇದೇ ರೇಷ್ಮೆಯ ಒಳರಚನೆಯನ್ನು ಕ್ಷ-ಕಿರಣ ಹಾಯಿಸಿ ಅಧ್ಯಯನ ಮಾಡಿದ್ದಾರೆ. ಮುಂದಿನ ಪ್ರಶ್ನೆ ಹೊತ್ತು ಅಲ್ಲಿಗೇ ಹೋಗಬಹುದು.

ನಂಜನಗೂಡಿನವರು ಮುನಿಯಬೇಡಿ. ಕಪಿಲಾ ನದಿಯ ಮೇಲೆ 1735ರ ಸುಮಾರಿಗೆ ಕಟ್ಟಿದ ಸೇತುವೆ ನಿಮ್ಮದು. ಮುಂದೆ ರೈಲನ್ನೂ ಹೊತ್ತಿತು. ಗಾರೆ ಪರೀಕ್ಷಿಸಲೆಂದು ಅದನ್ನು ಕೆರೆಯಲು ಯಾರೂ ಹೋಗಬೇಡಿ, ಅದು ಪಾರಂಪರಿಕ ಆಸ್ತಿ. ಬದಲಿಗೆ ಸುಣ್ಣದ ಗಾರೆಯನ್ನು ನೀವೇ ಕಲಸಿ, ಬೆಲ್ಲದ ನೀರು ಹಾಕಿದ್ದು, ಹಾಕದ್ದು ಎರಡು ಬಗೆ ಅಚ್ಚು ಹೊಯ್ಯಿರಿ. ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಕಾಯಬೇಕು. ಜೂನ್‌ನಲ್ಲಿ ಹೊಯ್ದದ್ದನ್ನು ಡಿಸೆಂಬರಿನಲ್ಲಿ ಎಂಜಿನಿಯರಿಂಗ್ ಕಾಲೇಜಿನ ಯಂತ್ರದಲ್ಲಿ ಒತ್ತಿ, ಯಾವುದು ಗಟ್ಟಿ ಎಂದು ನೋಡಿ.

ಕಾಲೇಜಿನವರಿಗೂ ಒಂದು ಮಾತು. ಮಕ್ಕಳು ಪರೀಕ್ಷಾ ನಳಿಕೆ ತೊಳೆಯಲು ಬರುವುದಿಲ್ಲ. ವರದಿಯಲ್ಲಿ ಅವರ ಹೆಸರು ಮೊದಲು ಬರಲಿ. ಬಸ್ ಚಾರ್ಜು ಯಾರದು, ಶನಿವಾರ ಮಧ್ಯಾಹ್ನ ಪ್ರಯೋಗಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಈ ಎರಡನ್ನು ಪ್ರಾಂಶುಪಾಲರು ಊಟಕ್ಕೇಳುವ ಮೊದಲೇ ತೀರ್ಮಾನಿಸಿ ಹೇಳಲಿ.