ತೆರೆಯ ಮೇಲೆ ನಾವು ಎಲ್ಲಿದ್ದೇವೆ?

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಮಾಡಿದ ಭಾಷಣ)



ಸಿನಿಮಾದ ಮಾತು ಇಂಥ ಸಭೆಯಲ್ಲಿ ಏತಕ್ಕೆ ಎಂದು ಕೆಲವರು ಕೇಳಬಹುದು. ಪಾಳಿ ಮುಗಿಸಿದವನು, ಅಂಗಡಿಯ ಬಾಗಿಲು ಹಾಕಿದವನು ಉಳಿದ ಎರಡು ಗಂಟೆಯನ್ನು ಎಲ್ಲಿ ಕಳೆಯುತ್ತಾನೆ? ಒಂದೋ ಚಿತ್ರಮಂದಿರದಲ್ಲಿ, ಇಲ್ಲವೆ ಮನೆಯ ಟಿ.ವಿ. ಮುಂದೆ. ಕೂಲಿಯ ಬಗ್ಗೆ ಮಾತನಾಡುವ ನಾವು ಆ ಕೂಲಿ ಖರ್ಚಾಗುವ ಜಾಗದ ಬಗ್ಗೆಯೂ ಮಾತನಾಡಬೇಡವೆ? ನಾನು ವಿಮರ್ಶಕನಲ್ಲ, ಕಾಸು ಕೊಟ್ಟು ನೋಡಿದ ಪ್ರೇಕ್ಷಕ. ನನಗನ್ನಿಸಿದ್ದನ್ನು ಹೇಳುತ್ತೇನೆ. ಒಪ್ಪುವುದು, ಬಿಡುವುದು ತಮಗೆ ಸೇರಿದ್ದು.

ಮೊದಲು 'ಕೆ.ಜಿ.ಎಫ್.' ಚಿತ್ರವನ್ನು ತೆಗೆದುಕೊಳ್ಳೋಣ. ಮೊದಲ ಭಾಗ 2018ರಲ್ಲಿ, ಎರಡನೆಯದು 2022ರಲ್ಲಿ ಬಂದಿತು. ಕನ್ನಡದ ಚಿತ್ರವೊಂದು ದೇಶದ ಉದ್ದಗಲಕ್ಕೂ ಓಡಿತೆಂದು ನಾವೆಲ್ಲ ಸಂತೋಷಪಟ್ಟೆವು. ಕ್ಯಾಮರಾ ಕೆಲಸ ಸೊಗಸಾಗಿದೆ, ಅದನ್ನು ಮೆಚ್ಚಲೇಬೇಕು. ಆದರೆ ಅದರಲ್ಲಿ ಗಣಿಯ ಕೂಲಿಗಳು ಏನು ಮಾಡುತ್ತಾರೆ? ಗುಲಾಮರಂತೆ ಹೊಡೆತ ತಿನ್ನುತ್ತಾರೆ, ಅಳುತ್ತಾರೆ, ಯಾರೋ ಒಬ್ಬ ಬಂದಾನೆಂದು ಕಾಯುತ್ತಾರೆ. ಆ ಒಬ್ಬ ಬರುತ್ತಾನೆ, ಹಳೆಯ ಒಡೆಯನನ್ನು ಕೊಲ್ಲುತ್ತಾನೆ, ತಾನೇ ಒಡೆಯನಾಗುತ್ತಾನೆ. ಕೂಲಿಗಳು ಜಯಕಾರ ಹಾಕುತ್ತಾರೆ. ಗಣಿ ಮಾತ್ರ ಅವರದಾಗುವುದಿಲ್ಲ.

ಅದು ಕಟ್ಟುಕತೆ, ಇತಿಹಾಸವಲ್ಲ ಎಂದು ಹೇಳುವವರಿದ್ದಾರೆ. ಸರಿ, ಹಾಗಾದರೆ ಇತಿಹಾಸವನ್ನೂ ಸ್ವಲ್ಪ ಕೇಳಿ. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ನಡೆಸಿದವರು ಜಾನ್ ಟೇಲರ್ ಎಂಬ ಇಂಗ್ಲಿಷ್ ಕಂಪೆನಿಯವರು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರು ಬಹುಮಟ್ಟಿಗೆ ತಮಿಳು ಸೀಮೆಯಿಂದ ಬಂದ ದಲಿತರು. ಕಲ್ಲಿನ ಧೂಳು ಅವರ ಶ್ವಾಸಕೋಶವನ್ನು ತಿಂದಿತು. ಅವರು ಯಾವ ವೀರನಿಗೂ ಕಾಯಲಿಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ದಾಖಲಿಸಬೇಕೆಂಬ ನಿಯಮ ಬಂದಾಗ, ಸಾವಿರಾರು ಜನ ಒಟ್ಟಾಗಿ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಗಣಿಗಳು 1956ರಲ್ಲಿ ಸರಕಾರದ ಪಾಲಾದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಇದರಲ್ಲಿ ಸಿನಿಮಾಕ್ಕೆ ಬೇಕಾದ ರೋಮಾಂಚನ ಇಲ್ಲವೆ? ಇದೆ. ಆದರೆ ಇಲ್ಲಿ ನಾಯಕರು ಸಾವಿರಾರು ಮಂದಿ; ಒಬ್ಬನ ಕಟೌಟಿಗೆ ಹಾಲೆರೆಯಲು ಬರುವುದಿಲ್ಲ.

2023ರ ಡಿಸೆಂಬರಿನಲ್ಲಿ ಬಂದ 'ಕಾಟೇರ' ಒಂದು ಹೆಜ್ಜೆ ಮುಂದಿದೆ. ಗೇಣಿದಾರನ ಬವಣೆಯನ್ನೂ, ಉಳುವವನೇ ಹೊಲದೊಡೆಯ ಎಂಬ ಕಾನೂನನ್ನೂ ಕಥೆಯೊಳಗೆ ತಂದ ಧೈರ್ಯಕ್ಕೆ ಶಹಬಾಸ್ ಎನ್ನುತ್ತೇನೆ. ನನ್ನ ತಕರಾರು ಒಂದೇ: ಅರ್ಜಿಗಿಂತ ಮಚ್ಚಿಗೆ ಹೆಚ್ಚು ಕೆಲಸ ಸಿಕ್ಕಿದೆ. ನಿಜವಾದ ಭೂಮಿಯ ಹೋರಾಟ ಹೇಗಿತ್ತು? 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಜಗಳ ಹುಟ್ಟಿತು. ಎಚ್. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ರೈತರೊಡನೆ ನಿಂತರು. ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತು. ಆಮೇಲೆ ರೈತ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಧಣಿಯ ಎದುರಿಗೆ 'ನಾನು ಗೇಣಿದಾರ' ಎಂದು ಬಾಯಿಬಿಟ್ಟು ಹೇಳುವುದು ಹತ್ತು ಜನರನ್ನು ಹೊಡೆದುರುಳಿಸುವುದಕ್ಕಿಂತ ದೊಡ್ಡ ಸಾಹಸ. ಆ ದೃಶ್ಯವನ್ನು ಮನಸ್ಸು ಕೊಟ್ಟು ತೆಗೆಯುವವರು ಇನ್ನೂ ಬರಬೇಕು.

ನನಗೆ ಮನಸ್ಸು ತುಂಬಿದ ಚಿತ್ರ 2016ರಲ್ಲಿ ಬಿಡುಗಡೆಯಾದ 'ತಿಥಿ'. ರಾಮ್ ರೆಡ್ಡಿಯವರ ನಿರ್ದೇಶನ. ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ಪಾತ್ರಧಾರಿಗಳು. ನೂರು ದಾಟಿದ ಮುದುಕ ಸಾಯುತ್ತಾನೆ. ಊರಿಗೆ ಊಟ ಹಾಕಬೇಕು. ಮೊಮ್ಮಗ ಸಾಲ ಮಾಡುತ್ತಾನೆ. ಜಮೀನು ಮಾರಲು, ಬದುಕಿರುವ ಅಪ್ಪನಿಗೇ ಮರಣಪತ್ರ ಮಾಡಿಸುತ್ತಾನೆ. ಅಲ್ಲಿ ಖಳನಾಯಕನಿಲ್ಲ, ಭಾಷಣವಿಲ್ಲ. ನಕ್ಕು ನಕ್ಕು ಹೊರಗೆ ಬಂದ ಮೇಲೆ, ಸಾಲ ಮನುಷ್ಯನನ್ನು ಎಲ್ಲಿಗೆ ಇಳಿಸುತ್ತದೆ ಎಂಬ ಯೋಚನೆ ಹತ್ತುತ್ತದೆ.

ಇನ್ನು ಟಿ.ವಿ. ಧಾರಾವಾಹಿ. ತಾಯಂದಿರು ಕೋಪಿಸಿಕೊಳ್ಳಬಾರದು. 2021ರಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯನ್ನು ಅನೇಕ ಮನೆಗಳಲ್ಲಿ ನೋಡಿದ್ದಾರೆ. ಗಂಡುಮಗುವಾಗಲಿಲ್ಲವೆಂದು ಗಂಡ ಬಿಟ್ಟುಹೋದ ಹೆಂಗಸು, ಮೆಸ್ಸು ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಉಮಾಶ್ರೀಯವರ ಅಭಿನಯ ಬಲು ಸಹಜ. ದುಡಿದು ತಿನ್ನುವ ಹೆಣ್ಣನ್ನು ಕತೆಯ ನಡುವೆ ಕೂರಿಸಿದ್ದು ದೊಡ್ಡ ಮಾತು. ಆದರೆ ಬರಬರುತ್ತ ಒಲೆ, ಅಕ್ಕಿ, ಬಾಡಿಗೆಗಳ ಲೆಕ್ಕ ಮರೆಯಾಯಿತು. ಸಂಚು, ಮರುಸಂಚು ಬೆಳೆಯಿತು. ಬಡ್ಡಿಗೆ ಹಣ ಕೊಡುವ ಬಂಗಾರಮ್ಮ ಬೀಗಿತ್ತಿಯಾದಳು. ಬೀಗತನ ಬೆಳೆದರೆ ಬಡ್ಡಿ ಕರಗುತ್ತದೆಯೆ? ದಿನಬಡ್ಡಿ ಕಟ್ಟುವ ಅಂಗಡಿಯವರು ಇಲ್ಲೇ ಕುಳಿತಿದ್ದಾರೆ. ಉತ್ತರವನ್ನು ಅವರೇ ಹೇಳಲಿ.

ಕೊನೆಯದಾಗಿ ಟಿಕೆಟಿನ ಮಾತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ದರ ಕೂಡದೆಂದು ನಿಯಮ ಮಾಡಿತು. ಮಲ್ಟಿಪ್ಲೆಕ್ಸಿನವರು ನ್ಯಾಯಾಲಯಕ್ಕೆ ಹೋದರು. ಅದೇ ತಿಂಗಳು ಹೈಕೋರ್ಟು ಮಧ್ಯಂತರ ತಡೆ ನೀಡಿತು. 200 ರೂಪಾಯಿ ಎಂದೇ ಇಟ್ಟುಕೊಳ್ಳಿ: ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೋದರೆ 800 ರೂಪಾಯಿ, ಬಸ್ಸು, ತಿಂಡಿ ಬೇರೆ. ಬಡವನ ಕಥೆ ಹೇಳುವ ಚಿತ್ರವನ್ನು ಬಡವನೇ ನೋಡಲಾರದಂತಾದರೆ ಅದು ಯಾರಿಗಾಗಿ?

ಆದುದರಿಂದ ನನ್ನ ಸಲಹೆ ಇಷ್ಟೆ. ಸಿನಿಮಾ ನೋಡಬೇಡಿ ಎಂದು ನಾನು ಹೇಳುವುದಿಲ್ಲ; ಚೆನ್ನಾಗಿ ನೋಡಿ. ನೋಡಿ ಬಂದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ದುಡಿಯುವವನು ಎಲ್ಲಿದ್ದಾನೆ? ಅವನು ತಾನೇ ಏನನ್ನಾದರೂ ಮಾಡುತ್ತಾನೆಯೆ, ಬರಿಯ ಜಯಕಾರ ಹಾಕುತ್ತಾನೆಯೆ? ಈ ವಾಚನಾಲಯದಲ್ಲಿ ತಿಂಗಳಿಗೊಂದು ದಿನ ಇದೇ ಚರ್ಚೆ ನಡೆಯಲಿ. ಹೆಂಗಸರೂ ಬಂದು ಮಾತನಾಡಲಿ. ಧಾರಾವಾಹಿಗಳ ವಿಷಯದಲ್ಲಿ ಅವರ ತೀರ್ಪು ನನ್ನದಕ್ಕಿಂತ ತೂಕದ್ದು.