ಪೋಲೆಂಡಿನಿಂದ ಪೋರ್ಚುಗಲ್‌ವರೆಗೆ

1979ರ ಡಿಸೆಂಬರ್ 12ರಂದು ಬ್ರಸೆಲ್ಸ್‌ನಲ್ಲಿ ಸೇರಿದ ನ್ಯಾಟೊ ಕೂಟ, ಪಶ್ಚಿಮ ಯುರೋಪಿನ ಐದು ದೇಶಗಳಲ್ಲಿ ಅಮೆರಿಕದ 572 ಹೊಸ ಕ್ಷಿಪಣಿಗಳನ್ನು ನಿಲ್ಲಿಸಲು ತೀರ್ಮಾನಿಸಿತು. ಸೋವಿಯತ್ ಒಕ್ಕೂಟ ಆಗಲೇ ಎಸ್‌ಎಸ್-20 ಕ್ಷಿಪಣಿಗಳನ್ನು ಯುರೋಪಿನ ಮೇಲೆ ಗುರಿಯಿಟ್ಟು ನಿಲ್ಲಿಸಿತ್ತು. ಅದಕ್ಕಿದು ಉತ್ತರ ಎನ್ನಲಾಯಿತು. ಅದೇ ತಿಂಗಳ ಕೊನೆಯ ವಾರ ಸೋವಿಯತ್ ಸೇನೆ ಅಫ್ಘಾನಿಸ್ತಾನದೊಳಕ್ಕೆ ನುಗ್ಗಿತು. ಒಂದನ್ನು ಖಂಡಿಸಿದವರು ಇನ್ನೊಂದರ ಬಗ್ಗೆ ಬಾಯಿಬಿಡದೆ ಇರುವುದು ಆ ಕಾಲದ ರೂಢಿ. ಎರಡನ್ನೂ ಒಟ್ಟಿಗೇ ವಿರೋಧಿಸಿ ಹುಟ್ಟಿದ್ದು ಯುರೋಪಿನ ಅಣ್ವಸ್ತ್ರ ನಿಶ್ಶಸ್ತ್ರೀಕರಣ ಚಳವಳಿ, ಚಿಕ್ಕದಾಗಿ 'ಎಂಡ್'.

ಇದರ ಮನವಿಪತ್ರ 1980ರ ಏಪ್ರಿಲ್ 28ರಂದು ಲಂಡನ್‌ನಲ್ಲಿ ಹೊರಬಂತು. ಅದರ ಕರಡನ್ನು ಸಿದ್ಧಪಡಿಸಿದವರಲ್ಲಿ ಇತಿಹಾಸಕಾರ ಇ. ಪಿ. ಥಾಮ್ಸನ್ ಮುಖ್ಯರು. ಅವರ ತಂದೆ ಎಡ್ವರ್ಡ್ ಥಾಮ್ಸನ್ ಬಂಗಾಳದ ಬಾಂಕುರಾದಲ್ಲಿ ಅಧ್ಯಾಪಕರಾಗಿದ್ದವರು, ಟಾಗೋರರನ್ನೂ ನೆಹರೂ ಅವರನ್ನೂ ಹತ್ತಿರದಿಂದ ಬಲ್ಲವರು. ಸಾಮ್ರಾಜ್ಯದ ವಿರುದ್ಧದ ಮಾತು ಮಗನಿಗೆ ಮನೆಯಲ್ಲೇ ಕಿವಿಗೆ ಬಿದ್ದಿತ್ತು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೆರಿಯ ದಂಗೆಯನ್ನು ತುಳಿದು ಹಾಕಿದಾಗ ಅವರು ಕಮ್ಯುನಿಸ್ಟ್ ಪಕ್ಷವನ್ನೇ ತೊರೆದರು. ಹಾಗಾಗಿ ಮನವಿಪತ್ರ ತಪ್ಪನ್ನು ಎರಡೂ ಕಡೆಯವರ ಮೇಲೆ ಹೊರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪೋಲೆಂಡಿನಿಂದ ಪೋರ್ಚುಗಲ್‌ವರೆಗೆ ಇಡೀ ಭೂಭಾಗ ಅಣ್ವಸ್ತ್ರಗಳಿಂದ ಮುಕ್ತವಾಗಬೇಕು, ಕಡೆಗೆ ನ್ಯಾಟೊ, ಸೋವಿಯತ್ ಬಣದ ವಾರ್ಸಾ ಒಪ್ಪಂದ ಎರಡೂ ಸೇನಾಕೂಟಗಳು ವಿಸರ್ಜನೆಯಾಗಬೇಕು ಎಂದು ಅದು ಕೇಳಿತು. ಜನರ ನಿಷ್ಠೆ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಪರಸ್ಪರರಿಗೆ ಎಂಬುದೇ ಅದರ ತಿರುಳು.

ಪಶ್ಚಿಮದಲ್ಲಿ ಈ ದನಿ ಬೇಗ ಹಬ್ಬಿತು. 1981ರ ಅಕ್ಟೋಬರ್‌ನಲ್ಲಿ ಬಾನ್‌, ಲಂಡನ್‌ಗಳಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು. 1982ರ ಡಿಸೆಂಬರ್‌ನಲ್ಲಿ ಸುಮಾರು 30,000 ಮಹಿಳೆಯರು ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಯ ಸುತ್ತ ಕೈ ಕೈ ಹಿಡಿದು ನಿಂತರು. ಆದರೂ 1983ರ ಕೊನೆಗೆ ಕ್ಷಿಪಣಿಗಳು ಬಂದಿಳಿದವು.

ಪೂರ್ವದ ಕಥೆ ಬೇರೆ, ಹೆಚ್ಚು ಕಷ್ಟದ್ದು. ಅಲ್ಲಿ 'ಶಾಂತಿ' ಎಂಬ ಮಾತೇ ಸರ್ಕಾರದ ಸೊತ್ತಾಗಿತ್ತು; ಮೆರವಣಿಗೆಯ ಫಲಕಗಳ ಮೇಲೆಲ್ಲ ಅದೇ. ಸೋವಿಯತ್ ಒಕ್ಕೂಟ 1959ರಲ್ಲಿ ವಿಶ್ವಸಂಸ್ಥೆಗೆ ಕೊಡುಗೆಯಾಗಿ ಕೊಟ್ಟ ಶಿಲ್ಪದಲ್ಲಿ ಒಬ್ಬಾತ ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡುತ್ತಿದ್ದಾನೆ. ಪೂರ್ವ ಜರ್ಮನಿಯ ಯುವಜನ ಆ ಚಿತ್ರವನ್ನೇ ಅಂಗಿಯ ತೋಳಿಗೆ ಹೊಲಿದುಕೊಂಡಾಗ ಅಲ್ಲಿನ ಸರ್ಕಾರ ಅದನ್ನು ಸಹಿಸಲಿಲ್ಲ, ಕೀಳಿಸಿತು. ಕೆಲವರು ಪಟ್ಟಿ ಕಿತ್ತ ಜಾಗದ ತೂತನ್ನು ಹಾಗೆಯೇ ಬಿಟ್ಟುಕೊಂಡು ಓಡಾಡಿದರು. ಮಾಸ್ಕೋದಲ್ಲಿ 1982ರ ಜೂನ್‌ನಲ್ಲಿ 'ವಿಶ್ವಾಸ ಗುಂಪು' ಕಟ್ಟಿದ ಕಲಾವಿದ ಸೆರ್ಗೈ ಬತೋವ್ರಿನ್ ಅವರನ್ನು ಎರಡೇ ತಿಂಗಳಲ್ಲಿ ಮಾನಸಿಕ ಆಸ್ಪತ್ರೆಗೆ ತಳ್ಳಲಾಯಿತು.

ಚೆಕೊಸ್ಲೊವಾಕಿಯದ ಜನರಿಗೆ ಪರಸೇನೆ ಎಂಬುದು ಪುಸ್ತಕದ ಮಾತಾಗಿರಲಿಲ್ಲ. 1968ರ ಆಗಸ್ಟ್ 20ರ ರಾತ್ರಿ ವಾರ್ಸಾ ಒಪ್ಪಂದದ ಸೇನೆಗಳು ಗಡಿ ದಾಟಿ ಬಂದಿದ್ದವು. ಸೋವಿಯತ್ ಸೈನಿಕರು ಆಮೇಲೂ ಅಲ್ಲೇ ಬೀಡುಬಿಟ್ಟಿದ್ದರು. ಪಶ್ಚಿಮದ ಗೆಳೆಯರು ಕ್ಷಿಪಣಿಗಳನ್ನಷ್ಟೇ ಎಣಿಸುತ್ತಾರೆ, ತಮ್ಮ ಮನೆಬಾಗಿಲಲ್ಲಿ ನಿಂತ ಪೊಲೀಸನನ್ನು ಕಾಣುವುದಿಲ್ಲ ಎಂಬ ಅಸಮಾಧಾನ ಅಲ್ಲಿತ್ತು. ನಾಟಕಕಾರ ವಾಕ್ಲಾವ್ ಹಾವೆಲ್ 1985ರ ಪ್ರಬಂಧವೊಂದರಲ್ಲಿ ಈ ಹಿಂಜರಿಕೆಯನ್ನು ಬಿಡಿಸಿಟ್ಟರು: ತನ್ನ ಪ್ರಜೆಗಳೊಂದಿಗೇ ಶಾಂತಿಯಿಂದಿರದ ಸರ್ಕಾರ ನೆರೆಯವರೊಂದಿಗೆ ಇರಬಲ್ಲದೆಂದು ನಂಬುವುದು ಹೇಗೆ ಎಂಬುದು ಅವರ ವಾದದ ದಿಕ್ಕು. ಆ ದೂರು ನ್ಯಾಯವಾದದ್ದೇ, ಮತ್ತು ಚಳವಳಿ ಅದಕ್ಕೆ ಕಿವಿಗೊಟ್ಟದ್ದು ಅದರ ದೊಡ್ಡತನ.

ಅದೇ ವರ್ಷದ ಮಾರ್ಚ್‌ನಲ್ಲಿ ಚೆಕೊಸ್ಲೊವಾಕಿಯದ ಮಾನವ ಹಕ್ಕುಗಳ ಬಳಗ 'ಚಾರ್ಟರ್ 77'ರವರು ಆಮ್‌ಸ್ಟರ್‌ಡಾಮ್ 'ಎಂಡ್' ಸಮಾವೇಶಕ್ಕೆ ಬರೆದ 'ಪ್ರಾಗ್ ಮನವಿ' ಎರಡು ದನಿಗಳನ್ನು ಬೆಸೆಯಿತು. ಎರಡೂ ಕೂಟಗಳ ವಿಸರ್ಜನೆ, ಪರಸೇನೆಗಳ ವಾಪಸಾತಿ ಅದರ ಬೇಡಿಕೆಗಳಾಗಿದ್ದವು. ಜತೆಗೆ, ಬೇರೆಯವರು ಎತ್ತಲು ಅಂಜುತ್ತಿದ್ದ ಪ್ರಶ್ನೆಯೂ ಅದರಲ್ಲಿತ್ತು: ಒಂದಾಗಬೇಕೇ ಎಂಬುದನ್ನು ಜರ್ಮನರೇ ನಿರ್ಧರಿಸಲಿ. ಪೋಲೆಂಡಿನಲ್ಲಿ ಅದೇ ವರ್ಷ ಹುಟ್ಟಿದ 'ಸ್ವಾತಂತ್ರ್ಯ ಮತ್ತು ಶಾಂತಿ' ಬಳಗದ ತರುಣರು, ಸೋವಿಯತ್ ಸೇನೆಯೊಂದಿಗಿನ ಮೈತ್ರಿಗೆ ನಿಷ್ಠೆ ತೋರುವ ಸೈನಿಕ ಪ್ರಮಾಣವಚನವನ್ನು ನಿರಾಕರಿಸಿ ಜೈಲಿಗೆ ಹೋದರು. 1988ರಲ್ಲಿ ಆ ಪ್ರಮಾಣದ ಮಾತುಗಳೇ ಬದಲಾದವು.

1987ರ ಡಿಸೆಂಬರ್ 8ರಂದು ರೇಗನ್ ಮತ್ತು ಗೋರ್ಬಚೇವ್ ಸಹಿ ಹಾಕಿದ ಒಪ್ಪಂದ ಈ ಬಗೆಯ ಕ್ಷಿಪಣಿಗಳನ್ನು ಸಂಪೂರ್ಣ ಇಲ್ಲವಾಗಿಸಿತು. 1991ರ ಹೊತ್ತಿಗೆ ಎರಡೂ ಕಡೆ ಸೇರಿ 2,692 ಕ್ಷಿಪಣಿಗಳು ನಾಶವಾದವು. 1989ರ ಫೆಬ್ರವರಿಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನ ಬಿಟ್ಟಿತು. ವರ್ಷದ ಕೊನೆಗೆ ಹಾವೆಲ್ ರಾಷ್ಟ್ರಾಧ್ಯಕ್ಷರಾದರು. 1991ರ ಜೂನ್‌ನಲ್ಲಿ ಕೊನೆಯ ಸೋವಿಯತ್ ಪಡೆಗಳು ಚೆಕೊಸ್ಲೊವಾಕಿಯದಿಂದ ಹೊರಟವು. ಜುಲೈ 1ರಂದು ಪ್ರಾಗ್‌ನಲ್ಲೇ ವಾರ್ಸಾ ಒಪ್ಪಂದ ವಿಸರ್ಜನೆಯಾಯಿತು. ಪ್ರಾಗ್ ಮನವಿಯ ಉಳಿದರ್ಧ ಕಾಗದದಲ್ಲೇ ಉಳಿಯಿತು. ನ್ಯಾಟೊ ವಿಸರ್ಜನೆಯಾಗಲಿಲ್ಲ, 1999ರ ಮಾರ್ಚ್ 12ರಂದು ಪೋಲೆಂಡ್, ಹಂಗೆರಿಗಳ ಜತೆ ಚೆಕ್ ಗಣರಾಜ್ಯವೂ ಅದನ್ನು ಸೇರಿತು. ಆಗ ಅಧ್ಯಕ್ಷರಾಗಿದ್ದವರು ಹಾವೆಲ್ ಅವರೇ.