ಎದೆ ತೆರೆಯದೆ ಹೃದಯದ ಕವಾಟ
(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಿಂದ ಹೊರಬಿದ್ದ ಮೊದಲ ತಂಡದವರಿಗೆ ಈಗ ಅರವತ್ತೈದರ ಆಸುಪಾಸು. ಅವರ ಮೊಮ್ಮಕ್ಕಳು ಇದೇ ಬೆಂಚುಗಳ ಮೇಲೆ ಕೂತಿದ್ದಾರೆ. ನಾನು ಇಂದು ಹೇಳಲಿರುವ ಹೃದಯ ಕವಾಟದ ಕಾಯಿಲೆ ಈ ಎರಡೂ ವಯಸ್ಸಿನವರನ್ನು ಕಾಡುವಂಥದ್ದು.

ಬಾವಿಯ ಪಂಪಿಗೆ ಫುಟ್‌ವಾಲ್ವ್ ಏಕೆ ಬೇಕೆಂದು ರೈತರಿಗೆ ಹೇಳಬೇಕಾಗಿಲ್ಲ. ಮೇಲೇರಿದ ನೀರು ಹಿಂದಕ್ಕೆ ಇಳಿಯಬಾರದು. ಹೃದಯದಲ್ಲೂ ಅಂಥ ನಾಲ್ಕು ಕವಾಟಗಳಿವೆ. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ. ಇವುಗಳಲ್ಲಿ ಮಹಾಪಧಮನಿಯ ಬಾಯಲ್ಲಿರುವ ಕವಾಟದ ಮೂಲಕವೇ ಇಡೀ ದೇಹಕ್ಕೆ ಶುದ್ಧ ರಕ್ತ ಹೋಗಬೇಕು. ವಯಸ್ಸಾದಂತೆ ಕೆಲವರಲ್ಲಿ ಈ ಕವಾಟದ ಎಸಳುಗಳ ಮೇಲೆ ಸುಣ್ಣದಂಶ ಕೂತು ಅವು ಗಟ್ಟಿಯಾಗುತ್ತವೆ, ದಾರಿ ಕಿರಿದಾಗುತ್ತದೆ. ಹೃದಯ ಹೆಚ್ಚು ಒತ್ತಡದಿಂದ ದುಡಿಯುತ್ತಾ ಕೊನೆಗೆ ಸೋಲುತ್ತದೆ.

ಲಕ್ಷಣಗಳು ಮೂರು: ನಡೆದರೆ ಏದುಸಿರು, ಶ್ರಮಪಟ್ಟಾಗ ಎದೆನೋವು, ತಲೆಸುತ್ತಿ ಬೀಳುವುದು. ನಮ್ಮ ಮನೆಗಳಲ್ಲಿ ಇದನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುತ್ತೇವೆ. ಆದರೆ ಕವಾಟ ತೀರಾ ಕಿರಿದಾಗಿ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಆಗದಿದ್ದರೆ, ಸುಮಾರು ಅರ್ಧದಷ್ಟು ರೋಗಿಗಳು ಎರಡು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಮಾತ್ರೆಗಳಿಂದ ಕವಾಟ ಸರಿಹೋಗುವುದಿಲ್ಲ, ಬದಲಿಸಲೇಬೇಕು.

1960ರಿಂದ ಕೃತಕ ಕವಾಟ ಹಾಕುವ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಎದೆಯ ಮೂಳೆ ಸೀಳಿ, ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ವಹಿಸಿ ಮಾಡುವ ಕೆಲಸ ಅದು. ನಮ್ಮ ದೇಶದ್ದೇ ಆದ ಚಿತ್ರಾ ಕವಾಟ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲ ರೋಗಿಗೆ ಅಳವಡಿಕೆಯಾಯಿತು. ಆದರೆ ಎಂಬತ್ತರ ಅಜ್ಜಿಗೆ, ಶ್ವಾಸಕೋಶವೋ ಮೂತ್ರಪಿಂಡವೋ ದುರ್ಬಲವಾದವರಿಗೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ತಡೆಯದು. ಅಂಥವರನ್ನು ‘ಇನ್ನೇನೂ ಮಾಡಲಾಗದು’ ಎಂದು ಮನೆಗೆ ಕಳಿಸುತ್ತಿದ್ದ ಕಾಲವಿತ್ತು.

ಡೆನ್ಮಾರ್ಕಿನ ಹೆನಿಂಗ್ ಆಂಡರ್ಸನ್ ಎಂಬ ವೈದ್ಯರು ಮಡಚಬಹುದಾದ ಕವಾಟವನ್ನು ತಂತಿಯ ಚೌಕಟ್ಟಿಗೆ ಹೊಲಿದು 1989ರಲ್ಲಿ ಹಂದಿಯ ಮೇಲೆ ಪ್ರಯೋಗಿಸಿದರು. 2002ರ ಏಪ್ರಿಲ್ 16ರಂದು ಫ್ರಾನ್ಸಿನ ರೂಆನ್ ನಗರದಲ್ಲಿ ಆಲೆನ್ ಕ್ರಿಬಿಯೆ ಅವರು, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆಂದು ಕೈಬಿಟ್ಟಿದ್ದ 57 ವರ್ಷದ ರೋಗಿಗೆ ತೊಡೆಯ ರಕ್ತನಾಳದ ಮೂಲಕ ಕವಾಟ ಅಳವಡಿಸಿದರು. ಕೆಲವು ತಿಂಗಳ ಬಳಿಕ ಆ ರೋಗಿ ಬೇರೆ ತೊಡಕುಗಳಿಂದ ತೀರಿಕೊಂಡರೂ, ದಾರಿಯೊಂದು ತೆರೆದಿತ್ತು. ಇದನ್ನೇ ಇಂದು ‘ಟಾವಿ’ ಎನ್ನುತ್ತಾರೆ.

ದನದ ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ ಕವಾಟವನ್ನು ಕೊಡೆಯಂತೆ ಮಡಚಿ, ತೊಡೆಸಂದಿಯ ಧಮನಿಯಿಂದ ತೆಳುವಾದ ನಳಿಕೆಯಲ್ಲಿ ಹೃದಯದವರೆಗೆ ಒಯ್ಯುತ್ತಾರೆ. ಹಳೆಯ ಕವಾಟದ ಒಳಗೇ ಬಲೂನಿನಿಂದ ಅರಳಿಸುತ್ತಾರೆ. ಕೆಲವು ಮಾದರಿಗಳು ತಾವೇ ಅರಳುತ್ತವೆ. ಎಷ್ಟೋ ರೋಗಿಗಳಿಗೆ ಪೂರ್ಣ ಅರಿವಳಿಕೆಯೂ ಬೇಕಾಗದು, ಕೆಲವೇ ದಿನಗಳಲ್ಲಿ ಮನೆಗೆ ಹೋಗುತ್ತಾರೆ.

ಆದರೂ ಇದು ಜಾದೂ ಅಲ್ಲ. ಪಾರ್ಶ್ವವಾಯು, ರಕ್ತನಾಳಕ್ಕೆ ಪೆಟ್ಟು, ಕವಾಟದ ಅಂಚಿನಲ್ಲಿ ಸೋರಿಕೆ ಆಗಬಹುದು. ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಅಂಗಾಂಶದ ಕವಾಟ ಶಾಶ್ವತವೂ ಅಲ್ಲ. ಆದ್ದರಿಂದ ವಯಸ್ಸು ಕಡಿಮೆಯಿರುವವರಿಗೆ ಇಂದಿಗೂ ಶಸ್ತ್ರಚಿಕಿತ್ಸೆಯೇ ಮೇಲಾಗಬಹುದು. ಅವರಲ್ಲಿ ಹಲವರಿಗೆ ಲೋಹದ ಕವಾಟ ಹಾಕುತ್ತಾರೆ. ಅದು ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ಬೇಕು. ಗುಜರಾತಿನಲ್ಲಿ ‘ಮೈವಾಲ್’ ಎಂಬ ಟಾವಿ ಕವಾಟ ತಯಾರಾಗುತ್ತಿದ್ದರೂ ಒಟ್ಟು ವೆಚ್ಚ ಇನ್ನೂ ಹಲವು ಲಕ್ಷ ರೂಪಾಯಿ. ಒಪ್ಪಿಗೆಗೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ನಮ್ಮವರಿಗೆ ಇದೇ ಏಕೆ? ಕವಾಟ ಎಷ್ಟು ವರ್ಷ ಬಾಳೀತು? ಸರ್ಕಾರದ ಯೋಜನೆಯಲ್ಲಿ ಎಷ್ಟು ಸಿಗುತ್ತದೆ?

ಇನ್ನು ಮಕ್ಕಳ ವಿಷಯ. ನಮ್ಮ ದೇಶದಲ್ಲಿ ಕವಾಟ ಕೆಡಲು ಇನ್ನೊಂದು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಗಂಟಲುನೋವು ಬರುತ್ತದೆ. ಎರಡು ಮೂರು ವಾರದ ನಂತರ ಕೆಲವರಿಗೆ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹರಿದಾಡುವ ನೋವು, ಊತ. ಕೀಲುನೋವು ಮಾಯವಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಇದರಿಂದ ಹೆಚ್ಚಾಗಿ ಕೆಡುವುದು ಮೈಟ್ರಲ್ ಕವಾಟ. ಅದು ಕಿರಿದಾದಾಗ, ರಚನೆ ಸೂಕ್ತವಾಗಿದ್ದರೆ, ಜಪಾನಿನ ಕಾಂಜಿ ಇನೊವೆ ರೂಪಿಸಿದ ಬಲೂನಿನಿಂದ ಎದೆ ತೆರೆಯದೆ ಹಿಗ್ಗಿಸಬಹುದು. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಇದು ಬಹುಕಾಲದಿಂದ ನಡೆಯುತ್ತಿದೆ.

ಆದರೆ ಅಲ್ಲಿಯವರೆಗೆ ಹೋಗಬೇಕಾಗಿಯೇ ಇಲ್ಲ. ಗಂಟಲುನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ಜ್ವರವನ್ನೇ ತಡೆಯಬಹುದು. ಒಮ್ಮೆ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದು ಹಲವು ವರ್ಷ ಬೇಕು. ಮಗು ಚೆನ್ನಾಗಿದೆಯೆಂದು ಅದನ್ನು ನಿಲ್ಲಿಸಬಾರದು.

ಶಿಕ್ಷಕ ಮಿತ್ರರೇ, ಆಟದಲ್ಲಿ ಬೇಗ ಏದುಸಿರು ಬಿಡುವ, ಮಂಡಿನೋವೆಂದು ಪದೇಪದೇ ರಜೆ ಹಾಕುವ ಮಗುವನ್ನು ಸೋಮಾರಿ ಎನ್ನಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ, ವೈದ್ಯರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಲಿ. ಮಕ್ಕಳೇ, ಅಜ್ಜ ಎರಡು ಮೆಟ್ಟಿಲಿಗೇ ನಿಂತು ಉಸಿರೆಳೆದುಕೊಂಡರೆ ಈ ಸಂಜೆಯೇ ಮನೆಯಲ್ಲಿ ಹೇಳಿ. ಲಕ್ಷಾಂತರ ರೂಪಾಯಿಯ ಕವಾಟಕ್ಕಿಂತ ಮೊದಲು ಬೇಕಾದದ್ದು ಗಮನಿಸುವ ಕಣ್ಣು. ಅದು ಈ ಶಾಲೆಯಲ್ಲಿ ಎಲ್ಲರಿಗೂ ಇದೆ.